ಲಾಬ್‌ಸ್ಟರ್ ಬಾಲ ರಬ್ಬರ್ ಆಯ್ತು, ಬೆಣ್ಣೆ ಒಡೀತು. ಇನ್ನೆರಡು ಬಾಲ ಉಳಿದಿದೆ, ಶನಿವಾರದೊಳಗೆ ದಾರಿ ಹೇಳಿ

ಸರಸ್ವತಿಪುರಂ ಸೌಟು
ಮಂಗಳವಾರ ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ಬೈಯೋದಿದ್ರೆ ಮೊದಲು ಬೈದುಬಿಡಿ, ಆಮೇಲೆ ಉತ್ತರ ಕೊಡಿ.

ನಮ್ಮ ಮನೆಯವರು ಹೋದ ವರ್ಷ ಆಫೀಸಿನ ಕೆಲಸದ ಮೇಲೆ ಗೋವಾಕ್ಕೆ ಹೋದಾಗ ಯಾರೋ ಲಾಬ್‌ಸ್ಟರ್ ತಿನ್ನಿಸಿದ್ರಂತೆ. ಮಸಾಲೆ ಗಿಸಾಲೆ ಏನಿಲ್ಲ, ಬೆಣ್ಣೆ, ನಿಂಬೆಹಣ್ಣು, ಅಷ್ಟೇ. ಅವತ್ತಿಂದ ಮನೇಲಿ ಸೀಗಡಿ ಮಾಡಿದಾಗೆಲ್ಲ ಅದರದ್ದೇ ಮಾತು. ಬರೋ ಶನಿವಾರ ನಮ್ಮ ಮದುವೆಯಾಗಿ 25 ವರ್ಷ. ಮನೇಲೇ ಮಾಡಿ ಬಾಯಿ ಮುಚ್ಚಿಸೋಣ ಅಂತ ಫ್ರೋಜನ್ ಬಾಲ ನಾಲ್ಕು ತರಿಸಿದೆ. ಬೆಲೆ ಕೇಳಿ ನಮ್ಮತ್ತೆ "ಒಂದು ತಿಂಗಳ ಹಾಲಿನ ದುಡ್ಡು ಹೋಯ್ತಲ್ಲೇ" ಅಂದ್ರು.

ಭಾನುವಾರ ಎರಡು ಬಾಲದಲ್ಲಿ ಪ್ರಯೋಗ ಮಾಡಿದೆ. ಫ್ರೀಜರಿಂದ ತೆಗೆದವಳೇ ಕುದಿಯೋ ನೀರಿಗೆ ಹಾಕಿದೆ. ಮಟನ್ನು ಬೇಯಿಸಿದ ಕೈ ನೋಡಿ, ಬೇಯಲಿ ಅಂತ 20 ನಿಮಿಷ ಬಿಟ್ಟೆ. ಚಿಪ್ಪು ಚೆಂದಕ್ಕೆ ಕೆಂಪಾಯ್ತು. ಒಳಗಿನ ಮಾಂಸ ಚಿಪ್ಪಿಗೆ ಕಚ್ಚಿಕೊಂಡು ಬಿಡಲೇ ಇಲ್ಲ. ಕೆರೆದು ತೆಗೆದದ್ದು ಮಕ್ಕಳ ಪೆನ್ಸಿಲ್ ರಬ್ಬರ್ ಥರ ಇತ್ತು. ಇನ್ನು ಬೆಣ್ಣೆ ಸಾಸು: ಮನೇಲಿ ಕಡೆದ ಬೆಣ್ಣೆ ಕರಗಿಸಿ, ಬೆಳ್ಳುಳ್ಳಿ ಹಾಕಿ ಕುದಿಸಿ, ನಿಂಬೆರಸ ಹಿಂಡಿದೆ. ಮೇಲೆ ಹಳದಿ ಎಣ್ಣೆ, ಕೆಳಗೆ ಬಿಳಿ ಗಸಿ, ಎರಡಕ್ಕೂ ಮಾತೇ ಇಲ್ಲ.

ಇನ್ನೆರಡು ಬಾಲ ಫ್ರೀಜರಲ್ಲಿದೆ. ಒಲೆ ಎರಡು ಬರ್ನರಿಂದು. ಕಬ್ಬಿಣದ ಕಾವಲಿ, ಇಡ್ಲಿ ಪಾತ್ರೆ ಇದೆ. ಮಗಳು ಕೇಕ್ ಮಾಡೋ ಸಣ್ಣ ಓಟಿಜಿ ಇದೆ. ಏನು ಮಾಡಲಿ?

ಮಳವಳ್ಳಿ ಮುದ್ದೆ
ಮಂಗಳವಾರ ರಾತ್ರಿ 10:05

ಅಕ್ಕೋ, ಒಂದ್ ಮಾತು ಕೇಳ್ಬುಡ್ತೀನಿ, ತಪ್ಪು ತಿಳ್ಕೋಬ್ಯಾಡಿ. ಇದು ನಮ್ಮ ಗದ್ದೆ ಬದೀನಾಗೆ ಬಿಲ ತೋಡೋ ನಳ್ಳಿಯ ಅಣ್ಣನೋ ತಮ್ಮನೋ? ನಳ್ಳಿ ಆದ್ರೆ ಕುಟ್ಟಿ, ರಸ ಹಿಂಡಿ, ಹುಣಸೆಹುಳಿ ಬುಟ್ಟು ಸಾರು ಮಾಡೋದು. ಬೆಣ್ಣೆ ಯಾಕೆ ಬೇಕು ಅದುಕ್ಕೆ?

ಕಡಲತಡಿಯಿಂದ ಬೋಗಾದಿಗೆ
ಮಂಗಳವಾರ ರಾತ್ರಿ 10:20

ನಳ್ಳಿ ಬೇರೆ, ಇದು ಬೇರೆ ಮಾರಾಯ್ರೆ. ನಾನು ಕುಂದಾಪ್ರ ಬದಿಯವ, ಮೈಸೂರಿಗೆ ಬಂದು ಹನ್ನೆರಡು ವರ್ಷ ಆಯ್ತು.

ಇಂಟರ್ನೆಟ್ಟಿನ ಚಿತ್ರದಲ್ಲಿ ದೊಡ್ಡ ದೊಡ್ಡ ಎರಡು ಕೊಂಬು ಇರ್ತದಲ್ಲ, ಇಕ್ಕಳದ ಹಾಗೆ, ಅದು ಅಮೆರಿಕ ಬದಿಯ ತಣ್ಣೀರಿನ ಜಾತಿ. ನಮ್ಮ ಅರಬ್ಬಿ ಸಮುದ್ರದ್ದಕ್ಕೆ ಆ ಇಕ್ಕಳ ಇಲ್ಲ. ಉದ್ದ ಮೀಸೆ, ಮೈಯೆಲ್ಲ ಮುಳ್ಳು. ಹಾಗಾಗಿ ತಿನ್ನುವಂಥ ಮಾಂಸ ಹೆಚ್ಚುಕಮ್ಮಿ ಎಲ್ಲ ಬಾಲದಲ್ಲೇ. ತಲೆಯಲ್ಲಿರೋ ಜೀರ್ಣರಸ, ಪ್ರಾಣ ಹೋದ ಮೇಲೆ, ಮಾಂಸವನ್ನ ಬೇಗ ಮೆತ್ತಗೆ ಮಾಡಿ ಕೆಡಿಸ್ತದೆ. ಅದಕ್ಕೇ ತಲೆ ಮುರಿದು ಬಾಲ ಮಾತ್ರ ಐಸಿಗೆ ಹಾಕೋದು. ಮಂಗಳೂರಿಂದ ಮಡಿಕೇರಿ ಘಾಟಿ ಹತ್ತಿ ಇಲ್ಲಿಗೆ ಸುಮಾರು 250 ಕಿಲೋಮೀಟರ್. ಇಡೀ ಲಾಬ್‌ಸ್ಟರ್ ತಾಜಾ ಇದೆ ಅಂತ ಯಾರಾದ್ರೂ ಹೇಳಿದ್ರೆ ಮೊದಲು ಮೂಸಿ ಕಾಣಿ. ಅಮೋನಿಯಾ ವಾಸನೆ, ಅಂದ್ರೆ ತೊಳೆಯದ ಮೂತ್ರಿಯ ಘಾಟು, ಬಂದ್ರೆ ಬಿಟ್ಟು ಬನ್ನಿ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರ್ತದೆ. ಆ ಹೊತ್ತಲ್ಲಿ "ನಿನ್ನೆ ಹಿಡಿದದ್ದು" ಅನ್ನೋ ಮಾತಿಗೆ ನಗಬೇಕಷ್ಟೆ.

ಫ್ರೋಜನ್ ತರಿಸಿದ್ದು ಅವಮಾನ ಏನಲ್ಲ ಅಕ್ಕ. ಅದನ್ನ ಕರಗಿಸದೇ ಬೇಯಿಸಿದ್ದೇ ತಪ್ಪು. ಚಿಪ್ಪಿಗೆ ಕಚ್ಚಿಕೊಂಡದ್ದು ಅದಕ್ಕೇ.

ಥರ್ಮಾಮೀಟರ್ ತಾತ
ಬುಧವಾರ ಬೆಳಿಗ್ಗೆ 5:40

ಸೌಟು ಅವರೇ, ಮಟನ್ನಿನ ಲೆಕ್ಕ ಇಲ್ಲಿ ತಲೆಕೆಳಗು. ಕುರಿಯ ತೊಡೆಯಲ್ಲಿ ನಾರುಗಳನ್ನು ಕಟ್ಟಿಹಾಕಿರುವ ಗಟ್ಟಿ ಪದರ ಹೆಚ್ಚು. ಗಂಟೆಗಟ್ಟಲೆ ಬೆಂದರೆ ಅದು ಕರಗಿ ಜೆಲ್ಲಿಯಾಗುತ್ತದೆ, ಮಾಂಸ ಮೆತ್ತಗಾಗುತ್ತದೆ. ಲಾಬ್‌ಸ್ಟರ್ ಬಾಲಕ್ಕೆ ಆ ಗಂಟೆಗಳು ಬೇಕಿಲ್ಲ. ಬಿಸಿ ಏರಿದ ಹಾಗೆಲ್ಲ ಪ್ರೋಟೀನು ಬಿಗಿದು, ಒದ್ದೆ ಬಟ್ಟೆ ಹಿಂಡಿದ ಹಾಗೆ ನೀರನ್ನು ಹೊರಗೆ ತಳ್ಳುತ್ತದೆ. ಒಳಗಿನ ಬಿಸಿ 60 ದಾಟಿ 63 ಡಿಗ್ರಿ ಸೆಲ್ಸಿಯಸ್‌ಗೆ ಬಂದರೆ ಸಾಕು. ನಿಮ್ಮದು 20 ನಿಮಿಷದಲ್ಲಿ 90 ದಾಟಿರುತ್ತದೆ.

ಕೆಂಪು ಬಣ್ಣ ನೋಡಿ ಬೆಂದಿದೆ ಅನ್ನಬೇಡಿ. ಚಿಪ್ಪಿನಲ್ಲಿ ಅಸ್ಟಾಕ್ಸಾಂಥಿನ್ ಎಂಬ ಬಣ್ಣ ಮೊದಲಿಂದಲೂ ಇರುತ್ತದೆ, ಕ್ಯಾರೆಟ್ಟಿನ ಬಣ್ಣದ ಬಳಗದ್ದೇ. ಒಂದು ಪ್ರೋಟೀನು ಅದನ್ನು ತಬ್ಬಿಕೊಂಡಿರುವವರೆಗೆ ಚಿಪ್ಪು ಹಸಿರುಗಪ್ಪಾಗಿ ಕಾಣುತ್ತದೆ. ಬಿಸಿ ತಾಗಿ ಆ ಪ್ರೋಟೀನು ಸಡಿಲವಾದಾಗ ಕೆಂಪು ಬಯಲಾಗುತ್ತದೆ. ಒಳಗೆ ಬೇಯುವ ಮುಂಚೆಯೇ ಹೊರಗೆ ಕೆಂಪಾಗಿರುತ್ತದೆ.

ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಮೇಲಿದೆ, ಇಲ್ಲಿ ನೀರು 97ರ ಸುಮಾರಿಗೇ ಕುದಿಯುತ್ತದೆ. ಅದರಿಂದೇನಾದರೂ ವ್ಯತ್ಯಾಸವಾಗುತ್ತದೆಯೇ ಎಂದು ಯಾರೋ ಕೇಳೇ ಕೇಳುತ್ತೀರಿ. ಇಲ್ಲ.

ತುಪ್ಪದ ಪಾರ್ಟಿ
ಬುಧವಾರ ಬೆಳಿಗ್ಗೆ 8:15

ಬೆಣ್ಣೆ ಸಾಸು ಅಂತ ಯಾಕ್ರೀ ಇಷ್ಟು ಒದ್ದಾಟ? ಎರಡು ಚಮಚ ಬಿಸಿ ತುಪ್ಪ ಹುಯ್ರೀ, ಮುಗೀತು. ದೋಸೆ, ಹೋಳಿಗೆ, ಎಲ್ಲದಕ್ಕೂ ಆಗುತ್ತೆ, ಇದಕ್ಕೆ ಆಗಲ್ವಾ?

ಹಡಗಿನ ಅಡುಗೆಯವ
ಬುಧವಾರ ಬೆಳಿಗ್ಗೆ 11:30

ಅಕ್ಕ, ನಾನು ಎಂಟು ವರ್ಷ ಪ್ರವಾಸಿ ಹಡಗಿನ ಅಡುಗೆಮನೇಲಿದ್ದೆ. ಈಗ ಹೆಬ್ಬಾಳದಲ್ಲಿ ಚಿಕ್ಕದೊಂದು ಮೆಸ್ಸು. ಹಡಗಲ್ಲಿ ಲಾಬ್‌ಸ್ಟರ್ ರಾತ್ರಿ ಅಂತ ಒಂದು ಇರ್ತಿತ್ತು. ಅವತ್ತು ಸಂಜೆ ಆರಕ್ಕೆ ಕತ್ತರಿ ಹಿಡಿದ್ರೆ ಬೆರಳು ಮಡಿಸೋಕಾಗದಷ್ಟು ಬಾಲ ಸೀಳ್ತಿದ್ವಿ. ಹಾಗಾಗಿ ಒಸಿ ಉದ್ದ ಬರೀತೀನಿ, ಕ್ಷಮಿಸಿ.

ಶುಕ್ರವಾರ ರಾತ್ರಿ ಮಲಗೋ ಮುಂಚೆ ಬಾಲಗಳನ್ನ ತಟ್ಟೇಲಿಟ್ಟು, ಮುಚ್ಚಿ, ಫ್ರಿಜ್ಜಿನ ಕೆಳಗಿನ ಶೆಲ್ಫಲ್ಲಿ ಇಡಿ. ಮರೆತ್ರೆ, ನೀರು ಹೋಗದ ಕವರಲ್ಲಿ ಕಟ್ಟಿ ತಣ್ಣೀರಲ್ಲಿ ಮುಳುಗಿಸಿ, ಹತ್ತು ಹದಿನೈದು ನಿಮಿಷಕ್ಕೊಮ್ಮೆ ನೀರು ಬದಲಾಯಿಸಿ. ಮುಕ್ಕಾಲು ಗಂಟೆ ಸಾಕು. ಬಿಸಿನೀರು ಬೇಡ, ಕಟ್ಟೆ ಮೇಲೆ ಬಿಡೋದೂ ಬೇಡ. ಒಮ್ಮೆ ಕರಗಿಸಿದ್ದನ್ನ ಮತ್ತೆ ಫ್ರೀಜರಿಗೆ ಹಾಕ್ಬೇಡಿ. ಕರಗಿದ ಮೇಲೆ ಬಟ್ಟೇಲಿ ಒತ್ತಿ ಒರೆಸಿ.

ಈಗ ಕತ್ತರಿ. ಅಡುಗೆ ಕತ್ತರಿ ಚೂಪಾಗಿರಲಿ. ಬಾಲವನ್ನ ಬೆನ್ನು ಮೇಲೆ ಮಾಡಿ ಹಿಡೀರಿ. ದಪ್ಪ ತುದಿಯಿಂದ ನಡುವೆ ನೇರವಾಗಿ ಚಿಪ್ಪು ಕತ್ತರಿಸ್ತಾ ಹೋಗಿ, ಬೀಸಣಿಗೆ ಥರ ಇರೋ ರೆಕ್ಕೆ ಹತ್ರ ನಿಲ್ಲಿಸಿ. ಕತ್ತರಿಯ ಕೆಳಗಿನ ಅಲಗು ಚಿಪ್ಪಿಗೆ ಒರಗಿಕೊಂಡೇ ಹೋಗ್ಬೇಕು, ಮಾಂಸದೊಳಗೆ ಇಳೀಬಾರದು. ಆಮೇಲೆ ಎರಡು ಹೆಬ್ಬೆರಳಿಂದ ಚಿಪ್ಪು ಅಗಲಿಸಿ. ಲಟ್ ಅಂತ ಒಂದು ಸದ್ದು ಬರುತ್ತೆ, ಹೆದರ್ಬೇಡಿ, ಅಡಿಯ ಪಕ್ಕೆಲುಬು ಮುರಿದ ಸದ್ದು ಅದು. ಬೆರಳನ್ನ ಮಾಂಸದ ಅಡಿಗೆ ತೂರಿಸಿ, ಹಲಸಿನ ತೊಳೆ ಬಿಡಿಸೋ ಹಾಗೆ ಮೆಲ್ಲಗೆ ಎತ್ತಿ ಚಿಪ್ಪಿನ ಮೇಲೆ ಕೂರಿಸಿ. ರೆಕ್ಕೆ ಕಡೆ ಅಂಟಿಕೊಂಡೇ ಇರಲಿ. ಬೆನ್ನುದ್ದಕ್ಕೂ ಕರೀ ದಾರ ಕಂಡ್ರೆ ಕರುಳು ಅದು, ಎಳೆದು ತೆಗೀರಿ.

ನಿಮಗೆ ನಾನು ಇಡ್ಲಿ ಪಾತ್ರೆ ಅಂತೀನಿ. ಓಟಿಜಿ ಚಿಕ್ಕದು, ಮೇಲಿನ ರಾಡು ಹತ್ರ ಇರುತ್ತೆ. ಮೊದಲ ಸಲಕ್ಕೆ ಮೇಲೆ ಸುಟ್ಟು ಒಳಗೆ ಹಸಿ ಉಳಿಯೋ ಸಾಧ್ಯತೆ ಜಾಸ್ತಿ. ಇಡ್ಲಿ ಪಾತ್ರೇಲಿ ನೀರು ಕುದ್ದು, ಹಬೆ ಜೋರಾಗಿ ಬಂದ ಮೇಲೆ, ಇಡ್ಲಿ ತಟ್ಟೆ ಬದಲು ಜಾಲರಿ ಇಟ್ಟು ಬಾಲ ಇಡಿ. ಕರಗಿದ ಮೇಲೆ 150 ಗ್ರಾಂ ಆಸುಪಾಸು ತೂಗೋ ಬಾಲಕ್ಕೆ ಆರು ಏಳು ನಿಮಿಷ. ಐದನೇ ನಿಮಿಷಕ್ಕೇ ಒಮ್ಮೆ ಮುಚ್ಚಳ ತೆಗೆದು ನೋಡಿ. ಹಸಿ ಮಾಂಸ ನೆನೆಸಿದ ಸಾಬಕ್ಕಿ ಥರ ಬೂದಿಗಪ್ಪಾಗಿ ಹೊಳೀತಿರುತ್ತೆ. ಬೆಂದದ್ದು ಎಳನೀರಿನ ಗಂಜಿ ಥರ ಬೆಳ್ಳಗೆ. ದಪ್ಪ ಜಾಗದಲ್ಲಿ ಚಾಕು ತುದಿ ಹಾಕಿ ಒಂಚೂರು ಬಿಡಿಸಿ, ನಡುವೆ ಇನ್ನೂ ಸಾಬಕ್ಕಿ ಗೆರೆ ಇದ್ರೆ ಮತ್ತೊಂದು ನಿಮಿಷ. ಇಲ್ದಿದ್ರೆ ಆ ಕ್ಷಣವೇ ತೆಗೀರಿ. ಅಲ್ಲೇ ಬಿಟ್ಟು ಫೋನ್ ಎತ್ಕೊಂಡ್ರೋ, ಮತ್ತೆ ಪೆನ್ಸಿಲ್ ರಬ್ಬರು.

ಬಾಲ ಸುರುಳಿ ಸುತ್ಕೊಳ್ಳೋದು ಬೇಡ ಅಂದ್ರೆ ಮಾಂಸ ಎತ್ತೋಕೆ ಮುಂಚೆ ಅಡಿಯಿಂದ ಬಿದಿರು ಕಡ್ಡಿ ಚುಚ್ಚಿ. ಚೆಂದಕ್ಕೆ ಅಷ್ಟೇ, ರುಚಿಗೇನಿಲ್ಲ.

ಸಾಸು ಬಗ್ಗೆ ಸಂಜೆ ಬರೀತೀನಿ, ಊಟದ ಹೊತ್ತಾಯ್ತು, ಮೆಸ್ಸಲ್ಲಿ ಜನ ನಿಂತಿದ್ದಾರೆ.

ವಿವಿ ಮೊಹಲ್ಲಾ
ಬುಧವಾರ ಮಧ್ಯಾಹ್ನ 1:10

ತೂಕದ ಮಾತು ಬಂದಿದ್ದಕ್ಕೆ ಹೇಳ್ತೀನಿ. ನಾನೂ ಒಂದು ಕಡೆ ತರಿಸಿದ್ದೆ. ಕವರಿನ ಮೇಲೆ 200 ಗ್ರಾಂ. ಕರಗಿಸಿ ತೂಗಿದ್ರೆ 160. ಉಳಿದದ್ದು ಐಸಿನ ನೀರು! ಕೇಳಿದ್ರೆ "ಗ್ಲೇಜ್ ಸಾರ್" ಅಂದ್ರು. ಐಸಿಗೆ ಲಾಬ್‌ಸ್ಟರ್ ರೇಟು ಕೊಟ್ಟ ಮೊದಲ ಮೈಸೂರಿನವನು ನಾನೇ ಇರ್ಬೇಕು.

ಕಡಲತಡಿಯಿಂದ ಬೋಗಾದಿಗೆ
ಬುಧವಾರ ಮಧ್ಯಾಹ್ನ 1:45

ಸಾರ್, ಗ್ಲೇಜ್ ಮೋಸ ಅಲ್ಲ, ಬೇಕೇ ಬೇಕು. ತೆಳು ಐಸಿನ ಪದರ ಇಲ್ದಿದ್ರೆ ಫ್ರೀಜರಿನ ಒಣ ಗಾಳಿಗೆ ಮಾಂಸ ಬಿಳಿಚಿ ಒಣಗ್ತದೆ. ಆದ್ರೆ ಆ ಐಸನ್ನೂ ತೂಕಕ್ಕೆ ಸೇರಿಸಿ ದುಡ್ಡು ತಕೊಂಡದ್ದು ಸರಿಯಲ್ಲ. ಐಸು ಬಿಟ್ಟು ನಿವ್ವಳ ಎಷ್ಟು ಅಂತ ಕೇಳಿಯೇ ತಕೊಳ್ಳಿ.

ಇನ್ನೊಂದು. ತೀರಾ ಚಿಕ್ಕ ಬಾಲ ಅಗ್ಗಕ್ಕೆ ಸಿಕ್ತು ಅಂತ ಖುಷಿಪಡಬೇಡಿ. ರಫ್ತಿಗೆ 2003ರಲ್ಲೇ ಕನಿಷ್ಠ ತೂಕ ಗೊತ್ತು ಮಾಡಿದ್ದಾರೆ, ಬಂಡೆ ಸಂದಿಯ ಒಂದು ಜಾತಿಗೆ ಇಡೀ ಲಾಬ್‌ಸ್ಟರ್ 200 ಗ್ರಾಂ, ಕೆಸರು ತಳದ್ದಕ್ಕೆ 300, ಬಣ್ಣದ ದೊಡ್ಡ ಜಾತಿಗೆ 500. ಅದಕ್ಕಿಂತ ಸಣ್ಣದ್ದು ಹೊರದೇಶಕ್ಕೆ ಹೋಗೋ ಹಾಗಿಲ್ಲ, ನಮ್ಮ ತಟ್ಟೆಗೆ ಬರ್ತದೆ. ಮೊಟ್ಟೆ ಹೊತ್ತ ಹೆಣ್ಣನ್ನೂ ಬಿಡದವರಿದ್ದಾರೆ. ನನ್ನಜ್ಜ ಅಂಥದ್ದು ಬಲೆಗೆ ಬಿದ್ರೆ ಬೈದುಕೊಂಡೇ ವಾಪಸ್ ಎಸೀತಿದ್ರು.

ಸೊಪ್ಪಿನ ಸಾರು
ಬುಧವಾರ ಮಧ್ಯಾಹ್ನ 3:00

ನಾನು ಮಾಂಸ ತಿನ್ನಲ್ಲ. ಆದ್ರೂ ನಿನ್ನೆ ರಾತ್ರಿಯಿಂದ ಇದನ್ನೇ ಓದ್ತಿದ್ದೀನಿ. ಸಾಸು ಬರೀರಿ ಅಣ್ಣ, ಆಲೂಗಡ್ಡೆ ಮೇಲೆ ಹಾಕ್ಕೊಳ್ತೀನಿ.

ಹಡಗಿನ ಅಡುಗೆಯವ
ಬುಧವಾರ ಸಂಜೆ 6:20

ಬಂದೆ ಬಂದೆ.

ಮೊದಲು ತುಪ್ಪದ ಪಾರ್ಟಿ ಅವರಿಗೆ. ತುಪ್ಪ ಹಾಕಿದ್ರೆ ಕೆಟ್ಟದ್ದೇನಾಗಲ್ಲ. ಆದ್ರೆ ನಾವು ತುಪ್ಪ ಕಾಯಿಸೋದು ಗಸಿ ಕೆಂಪಾಗಿ ಘಮ್ ಅನ್ನೋವರೆಗೆ. ಆ ಘಮಕ್ಕೆ ಲಾಬ್‌ಸ್ಟರಿನ ಸಣ್ಣ ಸಿಹಿ ಮುಚ್ಚಿಹೋಗುತ್ತೆ. ನೀವು ತಿಂದದ್ದು ತುಪ್ಪ ಹಾಕಿದ ಯಾವುದೋ ಮೆತ್ತನೆ ಪದಾರ್ಥ ಅನ್ನಿಸುತ್ತೆ.

ದಾರಿ ಎರಡಿದೆ. ಒಂದು ಸುಲಭದ್ದು: ಉಪ್ಪಿಲ್ಲದ ಬೆಣ್ಣೆ 100 ಗ್ರಾಂ ಸಣ್ಣುರೀಲಿ ಕರಗಿಸಿ, ಕಲಕಬೇಡಿ. ಮೇಲಿನ ನೊರೆ ಚಮಚದಲ್ಲಿ ತೆಗೀರಿ. ಐದು ನಿಮಿಷ ಬಿಟ್ಟು ಮೇಲಿನ ತಿಳಿ ಬಂಗಾರದ್ದನ್ನ ಬೇರೆ ಬಟ್ಟಲಿಗೆ ಬಗ್ಗಿಸಿ, ತಳದ ಬಿಳಿ ಬಿಟ್ಟುಬಿಡಿ. ಕೆಂಪಾಗೋ ಮುಂಚೆ ನಿಲ್ಲಿಸಿದ ತುಪ್ಪ ಅಂದ್ಕೊಳ್ಳಿ. ಅದ್ದಿಕೊಂಡು ತಿನ್ನೋಕೆ ಇದು ಸಾಕು. ನಿಂಬೆಹಣ್ಣು ಪಕ್ಕದಲ್ಲಿರಲಿ.

ಎರಡನೇದು ಅಕ್ಕ ಮಾಡೋಕೆ ಹೋಗಿ ಒಡೆದದ್ದು, ಮಂದವಾಗಿ ಕೆನೆ ಥರ ಬರೋ ಸಾಸು. ಅಂಗಡಿ ಬೆಣ್ಣೇಲಿ ಕಡಿಮೆ ಅಂದ್ರೂ 80 ಭಾಗ ಕೊಬ್ಬು, ಸುಮಾರು 16 ಭಾಗ ನೀರು, ಮಿಕ್ಕದ್ದು ಹಾಲಿನ ಅಂಶ. ಆ ಹಾಲಿನ ಅಂಶವೇ ನೀರು, ಕೊಬ್ಬು ಎರಡನ್ನೂ ಹಿಡಿದಿಟ್ಟಿರೋದು. ಕುದಿಸಿದ ಕೂಡಲೇ ಹಿಡಿತ ಬಿಟ್ಟುಹೋಗುತ್ತೆ. ಮನೇಲಿ ಕಡೆದ ಬೆಣ್ಣೇಲಿ ಮಜ್ಜಿಗೆ ಉಳಿದಿರುತ್ತೆ, ಹುಳಿಯೂ ಇರುತ್ತೆ, ಅದು ಇನ್ನೂ ಬೇಗ ಒಡೆಯುತ್ತೆ. ಅದನ್ನ ರೊಟ್ಟಿಗೆ ಇಟ್ಕೊಳ್ಳಿ, ಇದಕ್ಕೆ ನಂದಿನಿಯ ಉಪ್ಪಿಲ್ಲದ ಬೆಣ್ಣೆ ತನ್ನಿ.

ಬೆಣ್ಣೆ ಫ್ರಿಜ್ಜಿಂದ ತೆಗೆದ ಹಾಗೇ ತಣ್ಣಗಿರ್ಬೇಕು, ಅಡಿಕೆ ಗಾತ್ರ ಹೆಚ್ಚಿಡಿ. ಚಿಕ್ಕ ಪಾತ್ರೇಲಿ ಎರಡು ದೊಡ್ಡ ಚಮಚ ನೀರು, ಜಜ್ಜಿದ ಬೆಳ್ಳುಳ್ಳಿ ಒಂದೇ ಎಸಳು. ಅಂಚಲ್ಲಿ ಗುಳ್ಳೆ ಬಂದ ತಕ್ಷಣ ಬೆಳ್ಳುಳ್ಳಿ ತೆಗೆದು, ಉರಿ ಪೂರ್ತಿ ಸಣ್ಣ ಮಾಡಿ. ಒಂದು ತುಂಡು ಬೆಣ್ಣೆ ಹಾಕಿ, ಬಿಡದೆ ತಿರುವಿ. ಅದು ಕಾಣೆಯಾಗೋ ಹೊತ್ತಿಗೆ ಇನ್ನೊಂದು. ಗುಳ್ಳೆ ಬಂತು ಅನ್ನಿಸಿದ್ರೆ ಪಾತ್ರೆ ಎತ್ತಿ ಒಲೆಯಿಂದ ಆಚೆ ಹಿಡೀರಿ. ನಾನಂತೂ ಅರ್ಧ ಸಮಯ ಒಲೆಯಿಂದ ಮೇಲೇ ಹಿಡಿದಿರ್ತೀನಿ. ಎಲ್ಲ ಮುಗಿದಾಗ ಮಂದ ಮಜ್ಜಿಗೆ ಹದಕ್ಕೆ, ತಿಳಿ ಹಳದಿಗೆ ನಿಲ್ಲುತ್ತೆ. ಒಲೆ ಆರಿಸಿ, ಉಪ್ಪು ಚಿಟಿಕೆ, ಅರ್ಧ ನಿಂಬೆಹಣ್ಣಿನ ರಸ. ಊಟಕ್ಕೆ ಹೊತ್ತಿದ್ರೆ ಬಿಸಿನೀರಿನ ಬಟ್ಟಲಲ್ಲಿ ಕೂರಿಸಿ, ಮತ್ತೆ ಒಲೆಗೆ ಇಡಬೇಡಿ. ಒಡೆಯೋ ಲಕ್ಷಣ ಕಂಡ್ರೆ ಒಂದು ಚಮಚ ತಣ್ಣೀರು ಹಾಕಿ ಜೋರಾಗಿ ತಿರುವಿ, ಸಾಮಾನ್ಯವಾಗಿ ಮರಳಿ ಕೂಡುತ್ತೆ.

ಗರಂ ಮಸಾಲೆ, ಧನಿಯಾ ಪುಡಿ ಡಬ್ಬಿಗಳನ್ನ ಅವತ್ತೊಂದು ದಿನ ಕಣ್ಣಿಗೆ ಕಾಣದ ಹಾಗೆ ಇಡಿ. ಕೈ ತಾನಾಗೇ ಹೋಗುತ್ತೆ.

ತುಪ್ಪದ ಪಾರ್ಟಿ
ಬುಧವಾರ ಸಂಜೆ 7:00

ಸೋತೆ ಅಂತ ಒಪ್ಕೊಳ್ಳಲ್ಲ, ಆದ್ರೆ ಓದಿ ಹಸಿವಾಯ್ತು.

ಥರ್ಮಾಮೀಟರ್ ತಾತ
ಗುರುವಾರ ಬೆಳಿಗ್ಗೆ 5:35

ಒಂದು ಎಚ್ಚರಿಕೆ. ಮನೆಯಲ್ಲಿ ಸೀಗಡಿ, ಏಡಿ ತಿಂದರೆ ತುಟಿ ಊದುವ, ಮೈ ಕಡಿಯುವ ಯಾರಾದರೂ ಇದ್ದರೆ ಅವರಿಗೆ ಇದನ್ನು ಕೊಡಲೇಬೇಡಿ. ಅಲರ್ಜಿ ತರುವ ಪ್ರೋಟೀನು ಇವೆಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ. ಬೇಯಿಸಿದರೂ ಅದು ಹೋಗುವುದಿಲ್ಲ.

ಮಳವಳ್ಳಿ ಮುದ್ದೆ
ಗುರುವಾರ ಬೆಳಿಗ್ಗೆ 9:25

ಎಲ್ಲಾ ಸರಿ ಕಣಕ್ಕ, ಚಿಪ್ಪು ಏನ್ ಮಾಡ್ತೀರಿ? ಬಿಸಾಕೀರಾ? ಅಷ್ಟು ದುಡ್ಡು ಕೊಟ್ಟು!

ನಮ್ಮವ್ವ ನಳ್ಳಿ ಕಾಲನ್ನೂ ಬಿಡ್ತಿರನಿಲ್ಲ. ಚಿಪ್ಪ ಒಂದೊಸಿ ಎಣ್ಣೇಲಿ ಕೆಂಪುಗೆ ಹುರ್ಕಳಿ, ಈರುಳ್ಳಿ ಹಾಕಿ, ನೀರು ಬುಟ್ಟು ಇಪ್ಪತ್ತು ನಿಮಿಷ ಸಣ್ಣಗೆ ಕುದುಸಿ ಸೋಸ್ಕಳಿ. ಆ ನೀರಿಗೆ ಮೆಣಸು, ಜೀರಿಗೆ, ಬೆಳ್ಳುಳ್ಳಿ ಕುಟ್ಟಿ ಹಾಕಿ ಸಾರು ಮಾಡಿ. ಬಿಸಿ ಮುದ್ದೆ ಮುರುದು ಅದ್ಕೊಂಡ್ರೆ ಬೆಣ್ಣೆಗಿಣ್ಣೆ ಎಲ್ಲಾ ಮರ್ತೋಯ್ತದೆ.

ಹಡಗಿನ ಅಡುಗೆಯವ
ಗುರುವಾರ ಬೆಳಿಗ್ಗೆ 10:00

ಅಣ್ಣ ಹೇಳಿದ್ದು ನೂರಕ್ಕೆ ನೂರು. ಹಡಗಲ್ಲೂ ಚಿಪ್ಪು ಎಸೀತಿರಲಿಲ್ಲ, ಹಿಂಗೇ ಹುರಿದು ಸೂಪಿಗೆ ಹಾಕ್ತಿದ್ವಿ. ಮುದ್ದೆ ಒಂದು ಇರಲಿಲ್ಲ ಅಷ್ಟೇ.

ಸರಸ್ವತಿಪುರಂ ಸೌಟು
ಭಾನುವಾರ ಮಧ್ಯಾಹ್ನ 12:15

ವರದಿ ಒಪ್ಪಿಸ್ತೀನಿ.

ಶುಕ್ರವಾರ ರಾತ್ರಿ ಫ್ರಿಜ್ಜಿಗಿಳಿಸಿದೆ. ಶನಿವಾರ ಕತ್ತರಿ ಕೆಲಸಕ್ಕೆ ಮಗಳು ಕೂತಳು. ಮೊದಲನೇದು ಸೊಟ್ಟಗೆ ಹೋಯ್ತು, ಎರಡನೇದು ನೇರ ಬಂತು. ಲಟ್ ಅಂದಾಗ ಇಬ್ಬರೂ ಕಿರುಚಿದ್ವಿ, ನಮ್ಮತ್ತೆ ದೇವರಕೋಣೆಯಿಂದ ಓಡಿ ಬಂದ್ರು. ಕರೀ ದಾರ ಒಂದರಲ್ಲಿ ಮಾತ್ರ ಸಿಕ್ತು.

ಸಾಸು ಮೊದಲು ಮಾಡಿಟ್ಟೆ, ಎರಡನೇ ದಾರಿ. ಏಳನೇ ತುಂಡಿಗೆ ಅಂಚಲ್ಲಿ ಎಣ್ಣೆ ಹೊಳೀತು. ನೀವು ಹೇಳಿದ ಹಾಗೆ ಚಮಚ ತಣ್ಣೀರು ಹಾಕಿ ಕೈ ನೋಯೋವರೆಗೆ ತಿರುವಿದೆ, ಕೂಡಿತು! ಆ ಕ್ಷಣ ನನಗೆ ಮದುವೆ ದಿನಕ್ಕಿಂತ ಖುಷಿಯಾಯ್ತು ಅಂದ್ರೆ ಮನೆಯವರು ಬೇಜಾರು ಮಾಡ್ಕೋಬಾರದು.

ಇಡ್ಲಿ ಪಾತ್ರೇಲಿ ಆರು ನಿಮಿಷಕ್ಕೆ ನೇರ ಬಾಲ ಎಳನೀರಿನ ಗಂಜಿ ಥರ ಬಂತು. ಸೊಟ್ಟ ಬಾಲದಲ್ಲಿ ಒಂದು ಕಡೆ ಸಾಬಕ್ಕಿ ಗೆರೆ ಇತ್ತು, ಇನ್ನೊಂದು ನಿಮಿಷ ಬಿಟ್ಟೆ. ಅಷ್ಟರಲ್ಲಿ ನಮ್ಮ ತಂಗಿ ಫೋನು. ಒಂದು ನಿಮಿಷ ಮೂರಾಯ್ತು. ಗಟ್ಟಿ ಅನ್ನೋ ಹಾಗಿರಲಿಲ್ಲ, ಆದ್ರೆ ನೇರ ಬಾಲದ ಜತೆ ತಿಂದ್ರೆ ಗೊತ್ತಾಗ್ತಿತ್ತು. ಅದನ್ನ ನಾನೇ ತಿಂದೆ, ಅವರಿಗೆ ಹೇಳಿಲ್ಲ.

ನಮ್ಮ ಮನೆಯವರು ಮೊದಲ ತುತ್ತಿಗೆ ಕಣ್ಣು ಮುಚ್ಚಿದ್ರು. ಗೋವಾದ ಥರ ಇದೆಯಾ ಅಂದೆ. "ಅಲ್ಲಿ ಸ್ವಲ್ಪ ಉಪ್ಪು ಜಾಸ್ತಿ ಇತ್ತು" ಅಂದ್ರು. ಇದು ಹೊಗಳಿಕೆಯಾ ದೂರಾ ಅಂತ ಇನ್ನೂ ಗೊತ್ತಾಗಿಲ್ಲ.

ಇವತ್ತು ಚಿಪ್ಪಿನ ಸಾರು. ಘಾಟಿಗೆ ಪಕ್ಕದ ಮನೆಯವರು ಕಿಟಕಿಯಿಂದ ಇಣುಕಿ ಏನು ಅಡುಗೆ ಅಂತ ಕೇಳಿದ್ರು. ನಮ್ಮತ್ತೆ ಲಾಬ್‌ಸ್ಟರ್ ಮುಟ್ಟಿರಲಿಲ್ಲ, ಈ ಸಾರಿಗೆ ಮಾತ್ರ ಎರಡನೇ ಮುದ್ದೆ ಹಾಕಿಸ್ಕೊಂಡ್ರು. ಮಳವಳ್ಳಿ ಅಣ್ಣ, ಒಂದು ಅನುಮಾನ: ಹುಳಿಗೆ ಹುಣಸೆಹಣ್ಣೋ ಟೊಮೆಟೊನೋ? ನೀವು ಹೇಳಿರಲಿಲ್ಲ, ನಾನು ಟೊಮೆಟೊ ಹಾಕಿದೆ.

ಮಳವಳ್ಳಿ ಮುದ್ದೆ
ಭಾನುವಾರ ಮಧ್ಯಾಹ್ನ 12:40

ಹುಣಸೆಹಣ್ಣು ಕಣಕ್ಕ. ಓಗ್ಲಿ ಬುಡಿ, ಅತ್ತೆ ಎರಡನೇ ಮುದ್ದೆ ಉಂಡವ್ರಲ್ಲ.